ಕುದುರೆಯ ಹಲ್ಲು, ಕಡತದ ರುಜು

ಮೂರು ವರ್ಷಗಳ ಹಿಂದಿನ ಮಾತು. ಬಿ.ಎ. ತರಗತಿಯಲ್ಲಿ ಇಂಗ್ಲಿಷಿನಿಂದ ಅನುವಾದವಾದ ಲೇಖನವೊಂದನ್ನು ಪಾಠ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನಿವೃತ್ತ ಯೋಧರು ಕುದುರೆ ಬಾಯಿ ತೆಗೆಸಿ ಹಲ್ಲು ಯಾಕೆ ನೋಡ್ತಾರೆ?" ಎಂದು ಕೇಳಿದಳು. ಪುಸ್ತಕ ನೋಡಿದೆ, ಹಾಗೆಯೇ ಅಚ್ಚಾಗಿತ್ತು. ಮೂಲದಲ್ಲಿದ್ದುದು 'ಆರ್ಮಿ ವೆಟ್' ಎಂದು. ಅಂದರೆ ಸೈನ್ಯದ ಪಶುವೈದ್ಯ. ಅಮೆರಿಕದವರು 'ವೆಟರನ್' ಎಂಬುದನ್ನೂ 'ವೆಟ್' ಎಂದೇ ಮೊಟಕುಮಾಡುತ್ತಾರೆ. ಅನುವಾದಕರು ಆ ಅರ್ಥವನ್ನು ಹಿಡಿದು, ಪಾಪ, ಕೆಲಸದಲ್ಲಿದ್ದ ಪಶುವೈದ್ಯನಿಗೆ ಪಿಂಚಣಿ ಕೊಟ್ಟು ಮನೆಗೆ ಕಳುಹಿಸಿಬಿಟ್ಟಿದ್ದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ; ಆದರೆ ನನ್ನ ನಗೆ ಅಷ್ಟು ಸಲೀಸಾಗಿ ಬರಲಿಲ್ಲ. ಆ ಹಸ್ತಪ್ರತಿಯನ್ನು ಅಚ್ಚಿಗೆ ಮುಂಚೆ ನೋಡಿಕೊಡಬೇಕಾಗಿದ್ದವನು ನಾನೇ. ಅದರೊಡನೆ ಹೋದ ಇಂಗ್ಲಿಷ್ ಪತ್ರದಲ್ಲಿ 'ವೆಟೆಡ್' ಎಂದು ಟೈಪಾಗಿತ್ತು. ಅದರ ಕೆಳಗೆ ನನ್ನ ರುಜು ಇತ್ತು.

ಕಚೇರಿಗಳ ಒಡನಾಟವಿದ್ದವರಿಗೆ ಈ ಮಾತು ಹೊಸದಲ್ಲ. 'ಕರಡು ವೆಟ್ ಆಗಿ ಬಂದಿದೆ' ಎಂದರೆ ಮೇಲಿನವರು ನೋಡಿದ್ದಾರೆ, ಇನ್ನು ಯಾರೂ ನೋಡಬೇಕಾಗಿಲ್ಲ ಎಂದರ್ಥ. ಕನ್ನಡದಲ್ಲಿ ಇದನ್ನು 'ಪರಿಶೀಲಿಸಿ ಅನುಮೋದಿಸಿದ' ಎಂದು ಬರೆಯುತ್ತೇವೆ. ಎರಡು ಕ್ರಿಯೆ, ಎರಡು ಮಾತು. ಇಂಗ್ಲಿಷಿನ ವಿಶೇಷಣ ಈ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತದೆ; ಮೊದಲನೆಯದು ನಡೆಯದಿದ್ದರೂ ಎರಡನೆಯದು ನಡೆದುಹೋಗುವುದಕ್ಕೆ ಅದರಲ್ಲಿ ಅನುಕೂಲವಿದೆ. ತಪ್ಪಿನ ಬಿಸಿ ತಟ್ಟಿದ ಮೇಲೆ ಈ ಪದದ ಹುಟ್ಟನ್ನು ಹುಡುಕಿಕೊಂಡು ಹೊರಟೆ.

ಲ್ಯಾಟಿನ್ನಿನಲ್ಲಿ 'ವೆಟೆರಿನಾ' ಎಂದರೆ ಹೊರೆ ಹೊರುವ ಪ್ರಾಣಿಗಳು. ಹಳೆಯದು ಎಂಬ ಅರ್ಥದ 'ವೆಟುಸ್' ಎಂಬ ಮಾತಿಗೂ ಇದಕ್ಕೂ ನಂಟಿರಬಹುದೆಂದು ನಿಘಂಟುಕಾರರ ಊಹೆ. 'ವೆಟರನ್' ಹುಟ್ಟಿದ್ದು ಆ 'ವೆಟುಸ್'ನಿಂದಲೇ. ಊಹೆ ನಿಜವಾದರೆ ಪಶುವೈದ್ಯನೂ ನಿವೃತ್ತ ಯೋಧನೂ ದೂರದ ದಾಯಾದಿಗಳು. ನಮ್ಮ ಅನುವಾದಕರಿಗೆ ಅಷ್ಟರಮಟ್ಟಿನ ಸಮಾಧಾನ ಉಂಟು. 1646ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವೈದ್ಯ ಥಾಮಸ್ ಬ್ರೌನ್ 'ವೆಟೆರಿನೇರಿಯನ್' ಎಂಬುದನ್ನು ಇಂಗ್ಲಿಷಿಗೆ ತಂದ. ಆದರೆ ಆ ಹೆಸರಿನ ವೃತ್ತಿ ಗಟ್ಟಿಯಾಗಿ ನೆಲೆಗೊಂಡದ್ದು ಫ್ರಾನ್ಸಿನ ಲಿಯೋನ್ ನಗರದಲ್ಲಿ 1762ರಲ್ಲಿಯೂ ಲಂಡನ್ನಿನಲ್ಲಿ 1791ರಲ್ಲಿಯೂ ಪಶುವೈದ್ಯ ಶಾಲೆಗಳು ತೆರೆದ ಮೇಲೆ. ಅಷ್ಟು ಉದ್ದದ ಹೆಸರನ್ನು ಕೂಗಿ ಕರೆಯುವುದು ಯಾರಿಂದಾದೀತು? ಹತ್ತೊಂಬತ್ತನೆಯ ಶತಮಾನದ ನಡುವಿಗೆ ಅದು 'ವೆಟ್' ಆಯಿತು. 1891ರ ಹೊತ್ತಿಗೆ ಆ ನಾಮಪದವೇ ಕ್ರಿಯಾಪದವಾಗಿ, ಪ್ರಾಣಿಯನ್ನು ಪಶುವೈದ್ಯನಿಗೆ ತೋರಿಸು ಎಂಬ ಅರ್ಥ ಪಡೆಯಿತು. ಮನುಷ್ಯರಿಗೆ ಅದು ಅಂಟಿಕೊಳ್ಳಲು ತಡವಾಗಲಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 1904ರ ಕಥಾಸಂಕಲನದಲ್ಲಿ ಸಿಪಾಯಿಗಳ ವಿಷಯದಲ್ಲಿ ಅದನ್ನು ಬಳಸಿದ್ದಾನೆ. ಕುದುರೆ ಲಾಯದ ಮಾತು ಹೀಗೆ ದಂಡಿನ ಮೈದಾನಕ್ಕೆ ಬಂದು, ಅಲ್ಲಿಂದ ಕಚೇರಿಯ ಮೇಜನ್ನು ಏರಿತು.

ಲಾಯದಲ್ಲಿ ಆ ಕೆಲಸ ನಡೆಯುವ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಬ್ರಿಟನ್ನಿನಲ್ಲಿ ಕುದುರೆ ಕೊಳ್ಳುವವನು ತನ್ನ ಕಡೆಯ ವೈದ್ಯನನ್ನು ಕರೆಸುತ್ತಾನೆ. ಪೂರ್ಣ ಪರೀಕ್ಷೆಗೆ ಐದು ಹಂತಗಳು. ಮೊದಲು ನಿಂತ ಕುದುರೆಯ ಕಣ್ಣು, ಹಲ್ಲು, ಹೃದಯ, ಕಾಲುಗಳನ್ನು ನೋಡುವುದು. ಆಮೇಲೆ ನಡೆಸಿ, ಕುಕ್ಕುಲೋಟದಲ್ಲಿ ಓಡಿಸಿ ನೋಡುವುದು. ಬಳಿಕ ಉಸಿರು ಏರುವಂತೆ ಚೆನ್ನಾಗಿ ದುಡಿಸುವುದು. ನಾಲ್ಕನೆಯದಾಗಿ ವಿಶ್ರಾಂತಿಗೆ ಬಿಡುವುದು. ಕೊನೆಗೆ ಇನ್ನೊಮ್ಮೆ ಓಡಿಸುವುದು. ನನಗೆ ಹಿಡಿಸಿದ್ದು ಆ ನಾಲ್ಕನೆಯ ಹಂತ. ಬೆಚ್ಚಗಾದ ಮೈಯಲ್ಲಿ ಅಡಗಿದ್ದ ಕುಂಟು, ದಣಿದು ತಣ್ಣಗಾದ ಮೇಲೆ ಹೊರಬೀಳುತ್ತದೆ. ಸುಮ್ಮನೆ ಕಾಯುವುದೂ ಅಲ್ಲಿ ಪರೀಕ್ಷೆಯ ಒಂದು ಭಾಗ. ಇಷ್ಟಾದ ಮೇಲೂ ವೈದ್ಯ 'ಕೊಳ್ಳು' ಎನ್ನುವುದಿಲ್ಲ. ಕಂಡ ದೋಷಗಳನ್ನು ಬರೆದು, ಇಂಥ ಕೆಲಸಕ್ಕೆ ಈ ಕುದುರೆಯಿಂದ ಅಡ್ಡಿಯಾದೀತೋ ಇಲ್ಲವೋ ಎಂಬ ತನ್ನ ಅಭಿಪ್ರಾಯ ಹೇಳಿ ಸುಮ್ಮನಾಗುತ್ತಾನೆ. ಹಣ ಕೊಡುವವನು ಬೇರೆ, ಮನಸ್ಸು ಮಾಡುವವನೂ ಅವನೇ.

ನಮ್ಮವರಿಗೂ ಇದು ತಿಳಿಯದ ವಿದ್ಯೆಯಲ್ಲ. ಚಾಲುಕ್ಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ 'ಅಶ್ವವೈದ್ಯ' ಬರೆದ. ಗ್ರಂಥಗಳ ಮಾತು ಹಾಗಿರಲಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವ ರೈತ ಒಬ್ಬನೇ ಹೋಗುವುದಿಲ್ಲ. ಊರಿನ ಬಲ್ಲವನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ, ಸುಳಿ ಎಲ್ಲಿದೆ, ನಡೆ ಹೇಗಿದೆ ಎಂದು ನೋಡುವವನು ಆ ಬಲ್ಲವನು. ಮಾರುವವನ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಇದಕ್ಕೆ ವಿರುದ್ಧವಾದ ಸಂಗತಿಯೊಂದು ವಿಜಯನಗರದ ಚರಿತ್ರೆಯಲ್ಲಿದೆ. ಹದಿನಾರನೆಯ ಶತಮಾನದ ಮೂರನೆಯ ದಶಕದ ನಂತರ ಅಲ್ಲಿದ್ದ ಪೋರ್ಚುಗೀಸ್ ನೂನಿಜ್ ತಾನೇ ಕುದುರೆ ವ್ಯಾಪಾರಿ. ಸಾಳುವ ನರಸಿಂಹನ ಕಾಲವನ್ನು ನೆನೆಯುತ್ತ ಅವನು ಬರೆದಿದ್ದಾನೆ: ರಾಜ ಓರ್ಮಜ್, ಏಡನ್‌ಗಳಿಂದ ಕುದುರೆ ತರಿಸುತ್ತಿದ್ದ, ವ್ಯಾಪಾರಿಗಳು ಕೇಳಿದ ಬೆಲೆ ಕೊಡುತ್ತಿದ್ದ, ಸಾವಿರ ವರಾಹಕ್ಕೆ ಮೂರರಂತೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಗೆ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಹಣವೇ ಸಂದಾಯ.

ಮೊದಲ ಸಲ ಓದಿದಾಗ ನಗು ಬರುತ್ತದೆ. ಬಾಲಕ್ಕೆ ಹಲ್ಲಿಲ್ಲ, ಎಣಿಸುವಂತಿಲ್ಲ; ಕಾಲಿಲ್ಲ, ಓಡಿಸುವಂತಿಲ್ಲ. ಎಲ್ಲಿಯ ಕುದುರೆಯ ಬಾಲವೋ ಬಲ್ಲವರಾರು? ಆದರೆ ನರಸಿಂಹ ಮೂರ್ಖನಲ್ಲ. 1472ರಲ್ಲಿ ಮಹಮೂದ್ ಗವಾನ್ ಗೋವೆಯನ್ನು ಬಹಮನಿ ರಾಜ್ಯಕ್ಕೆ ಸೇರಿಸಿದ್ದ. ಪಶ್ಚಿಮ ಕರಾವಳಿಯ ಮುಖ್ಯ ಬಂದರೊಂದು ವಿಜಯನಗರದ ಕೈತಪ್ಪಿತ್ತು. ಕುದುರೆಯಿಲ್ಲದೆ ಬಹಮನಿಯ ರಾವುತರ ಮುಂದೆ ನಿಲ್ಲುವಂತಿರಲಿಲ್ಲ. ವ್ಯಾಪಾರಿ ಹಡಗು ಹತ್ತುವಂತಾಗಬೇಕಾದರೆ ಸಮುದ್ರದ ನಷ್ಟವನ್ನು ರಾಜನೇ ಹೊರಬೇಕು. ಬಾಲವನ್ನು ಬಾಲವೆಂದೇ ತಿಳಿದು ಅವನು ಕೊಂಡ. ಅದಕ್ಕೆ ಲಾಯದಲ್ಲಿ ಹುಲ್ಲು ಹಾಕಿಸಲಿಲ್ಲ.

ನಮ್ಮ ಕಾಲದಲ್ಲಿ ಬಾಲವನ್ನೇ ಕುದುರೆಯೆಂದು ಲೆಕ್ಕಕ್ಕೆ ಬರೆದುಕೊಂಡ ಸಂದರ್ಭಗಳೂ ಇವೆ. ಜರ್ಮನಿಯಲ್ಲಿ ಹುಟ್ಟಿ ಬ್ರಿಟನ್ನಿನ ಪರಮಾಣು ಸಂಶೋಧನೆಯಲ್ಲಿ ದುಡಿಯುತ್ತಿದ್ದ ಕ್ಲಾಸ್ ಫುಕ್ಸ್‌ನ ಕಡತವನ್ನು ಅಲ್ಲಿನ ಭದ್ರತಾ ಇಲಾಖೆ ಒಂದಲ್ಲ, ಹಲವು ಸಲ ನೋಡಿ ಕೆಲಸಕ್ಕೆ ಬಿಟ್ಟಿತ್ತು. 1950ರಲ್ಲಿ ಅವನು ಸೋವಿಯತ್ ರಷ್ಯಕ್ಕೆ ಗುಟ್ಟು ಸಾಗಿಸಿದವನೆಂದು ಒಪ್ಪಿಕೊಂಡು ಹದಿನಾಲ್ಕು ವರ್ಷಗಳ ಶಿಕ್ಷೆಗೆ ಒಳಗಾದ. ಆಗ ಸರಕಾರಕ್ಕೆ ಹೊಳೆಯಿತು: ದಾಖಲೆಯಲ್ಲಿ ಕೆಟ್ಟದ್ದು ಕಾಣಲಿಲ್ಲ ಎನ್ನುವುದು ಬೇರೆ, ಮನುಷ್ಯನನ್ನು ಹುಡುಕಿ ವಿಚಾರಿಸಿ ಒಳ್ಳೆಯವನೆಂದು ಕಂಡೆವು ಎನ್ನುವುದು ಬೇರೆ. ಎರಡನೆಯದಕ್ಕೆ 'ಪಾಸಿಟಿವ್ ವೆಟಿಂಗ್' ಎಂದು ಹೆಸರಿಟ್ಟು, 1952ರಲ್ಲಿ ಅದನ್ನು ಪ್ರಕಟಿಸಿದರು. ವೆಟ್ ಎಂಬ ಮಾತಿಗೇ ಇನ್ನೊಂದು ವಿಶೇಷಣ ಬೇಕಾಯಿತೆಂದರೆ ಬರಿಯ ಮಾತು ಅಷ್ಟರಲ್ಲಿ ಎಷ್ಟು ಸವೆದಿತ್ತೆಂದು ಊಹಿಸಬಹುದು.

ನನ್ನ ರುಜುವಿನ ಕಥೆಗೆ ಬರುತ್ತೇನೆ. ಹಸ್ತಪ್ರತಿ ಬಂದದ್ದು ಶುಕ್ರವಾರ ಸಂಜೆ. ನೂರ ನಲವತ್ತು ಪುಟ. ಸೋಮವಾರ ಬೆಳಿಗ್ಗೆ ಆಳು ಬಂದು ಬಾಗಿಲಲ್ಲಿ ನಿಂತ. ಮೂವತ್ತನಾಲ್ಕು ಪುಟ ಓದಿದ್ದೆ. ಅನುವಾದಕರು ಹಿರಿಯರು, ಬಲ್ಲವರು. ಓದಿದಷ್ಟು ಚೆನ್ನಾಗಿಯೇ ಇತ್ತು. ಉಳಿದದ್ದೂ ಹಾಗೆಯೇ ಇದ್ದೀತೆಂದು ರುಜು ಹಾಕಿದೆ. ನಿವೃತ್ತ ಯೋಧ ಕಾದಿದ್ದುದು ಎಪ್ಪತ್ತೊಂದನೆಯ ಪುಟದಲ್ಲಿ. ಅಷ್ಟರಲ್ಲಿ ಪುಸ್ತಕ ಕಾಲೇಜುಗಳಿಗೆ ಹೋಗಿಯಾಗಿತ್ತು. ಎಷ್ಟು ಮಕ್ಕಳು ಅದನ್ನು ಹಾಗೆಯೇ ಉರುಹೊಡೆದು ಪರೀಕ್ಷೆಯಲ್ಲಿ ಬರೆದರೋ! ಮುದ್ರಣದಲ್ಲಿಯೇ ತಪ್ಪಿಲ್ಲವೇ ಎಂದು ಕೇಳಿದ ಹುಡುಗಿ ನನಗೆ ಸಿಕ್ಕವಳು ಒಬ್ಬಳೇ.

ಕಳೆದ ವರ್ಷ ಅದೇ ಕಡೆಯಿಂದ ಇನ್ನೊಂದು ಕಟ್ಟು ಬಂತು. ಮತ್ತೆ ಮೂರೇ ದಿನ. ಈ ಸಲ ಪತ್ರದಲ್ಲಿ 'ವೆಟೆಡ್' ಎಂಬುದನ್ನು ಹೊಡೆದುಹಾಕಿ, 'ಒಂದರಿಂದ ಅರವತ್ತೆರಡನೆಯ ಪುಟದವರೆಗೆ ಮೂಲದೊಡನೆ ತಾಳೆ ನೋಡಿದ್ದೇನೆ. ಮುಂದಿನದನ್ನು ಓದಿಲ್ಲ' ಎಂದು ಕನ್ನಡದಲ್ಲಿ ಬರೆದು ರುಜು ಮಾಡಿ ಕಳುಹಿಸಿದೆ. ಎರಡು ದಿನಗಳಲ್ಲಿ ಕಟ್ಟು ಹಿಂದಿರುಗಿತು. ಗುಮಾಸ್ತರು ಮೇಲೆ ಸಣ್ಣ ಚೀಟಿ ಅಂಟಿಸಿದ್ದರು: 'ಸ್ವಾಮಿ, ನಮೂನೆಯಲ್ಲಿ ಇದಕ್ಕೆ ಕಲಮು ಇಲ್ಲ.' ಕಟ್ಟು ಈಗಲೂ ನನ್ನ ಮೇಜಿನ ಮೇಲಿದೆ. ತೊಂಬತ್ತನೆಯ ಪುಟಕ್ಕೆ ಬಂದಿದ್ದೇನೆ.