ಒಂದು ಲೋಟ ಕಾಫಿ, ಒಂದು ಕುರ್ಚಿ

ಹೊಸ ಊರಿಗೆ ಹೋದಾಗ ಒಳ್ಳೆಯ ಹೋಟೆಲನ್ನು ಪತ್ತೆ ಮಾಡುವುದು ಹೇಗೆ? ನಮ್ಮ ಚಿತ್ರೀಕರಣ ತಂಡದ ಉಪಾಯ ಸುಲಭವಾದದ್ದು. ಬಸ್ ನಿಲ್ದಾಣದ ಎದುರಿನ ದೊಡ್ಡ ಬೋರ್ಡನ್ನು ನಂಬುವುದಿಲ್ಲ. ಡ್ಯೂಟಿಗೆ ಹೊರಟ ಕಂಡಕ್ಟರನ್ನೋ ಕೋರ್ಟಿನ ಗುಮಾಸ್ತರನ್ನೋ ಕೇಳುತ್ತೇವೆ. ದಿನವೂ ಹೊರಗೆ ತಿನ್ನುವವರು ಸುಳ್ಳು ಹೇಳುವುದಿಲ್ಲ. ನೀವೂ ಪ್ರಯತ್ನಿಸಿ ನೋಡಿ.

ಇಪ್ಪತ್ತು ವರ್ಷಗಳ ಹಿಂದೆ ಹೀಗೆಯೇ ಕೇಳಿಕೊಂಡು ಒಂದು ಸಣ್ಣ ಊರಿನ ಹೋಟೆಲಿಗೆ ಹೋದೆವು. ತಟ್ಟೆ ಇಡ್ಲಿ ಹೂವಿನಂತಿತ್ತು. ಎರಡನೆಯ ಸಲ ಚಟ್ನಿ ಹಾಕಿಸಿಕೊಳ್ಳುವಾಗ ನೋಡಿದರೆ ನಮ್ಮ ಲೈಟ್ ಬಾಯ್ ಮೇಜಿನಲ್ಲಿಲ್ಲ. ಹೊರಗೆ ವ್ಯಾನಿಗೆ ಒರಗಿ ನಿಂತು ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಿದ್ದ. ನಮಗೆ ಕೊಟ್ಟದ್ದು ಸ್ಟೀಲಿನ ಲೋಟ. "ಒಳಗೆ ಸೆಕೆ ಸಾರ್" ಎಂದ. ಅದು ಡಿಸೆಂಬರ್ ತಿಂಗಳು. ಬಾಗಿಲಲ್ಲೇ ಅವನನ್ನು "ಯಾರ ಪೈಕಿ?" ಎಂದು ಕೇಳಿದ್ದರಂತೆ. ನನಗದು ತಿಳಿದದ್ದು ವ್ಯಾನು ಮುಂದಿನ ಊರು ತಲುಪಿದ ಮೇಲೆ. ಅಷ್ಟರಲ್ಲಿ ನಾನು ಬಿಲ್ಲು ಕೊಟ್ಟು, ಇಡ್ಲಿಯನ್ನು ಹೊಗಳಿ ಬಂದಾಗಿತ್ತು.

ಅಂದಿನಿಂದ ಯಾವ ಹೋಟೆಲನ್ನು ಕಂಡರೂ ರುಚಿಯ ಜೊತೆಗೆ ಇನ್ನೊಂದು ಪ್ರಶ್ನೆ ಏಳುತ್ತದೆ: ಇಲ್ಲಿ ಯಾರು ಕೂರಬಹುದಾಗಿತ್ತು? ಪರದೆಯ ಮೇಲೆ ಇದನ್ನೆಲ್ಲ ಹೇಳಲು ಸಮಯ ಸಾಲದು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಎಂ.ಟಿ.ಆರ್. ನಿಮಗೆ ಗೊತ್ತೇ ಇದೆ. ಯಜ್ಞನಾರಾಯಣ ಮಯ್ಯ ಮತ್ತು ಅವರ ಸೋದರರು 1924ರಲ್ಲಿ ಅದನ್ನು ತೆರೆದಾಗ ಅದರ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂದು 'ಮಾವಳ್ಳಿ ಟಿಫನ್ ರೂಮ್ಸ್' ಆದದ್ದು 1960ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಗೋಧಿ ರವೆಯಿಂದ ರವೆ ಇಡ್ಲಿ ಹುಟ್ಟಿದ್ದು ಇವರ ಅಡುಗೆಮನೆಯಲ್ಲೇ. (ರಾತ್ರಿಯಿಡೀ ಹುದುಗದೆ ಹಿಟ್ಟು ಉಬ್ಬುವುದು ಹೇಗೆ ಎಂದು ನಿಮ್ಮ ರಸಾಯನಶಾಸ್ತ್ರದ ಮೇಷ್ಟರನ್ನು ಕೇಳಿ. ಮೊಸರಿನ ಆಮ್ಲಕ್ಕೆ ಸೋಡಾ ಸೇರಿದರೆ ಸಾಕು.)

ಹಳೆಯ ಹೆಸರನ್ನು ಓದಿ ಒಂದೇ ಹೋಟೆಲನ್ನು ಬೊಟ್ಟುಮಾಡಿ ತೋರಿಸುವುದು ನ್ಯಾಯವಲ್ಲ. ದಕ್ಷಿಣ ಭಾರತದ ಊರೂರುಗಳಲ್ಲಿ ಅಂಥ ಬೋರ್ಡುಗಳಿದ್ದವು. ಮನೆಯ ಹೊರಗೆ, ಯಾರೋ ಬೇಯಿಸಿದ್ದನ್ನು, ಯಾರದೋ ಪಕ್ಕದಲ್ಲಿ ಕೂತು ತಿನ್ನುವುದೇ ಆಗಿನ ಅನೇಕರಿಗೆ ಮೈಲಿಗೆಯ ಭಯ. ಅಡುಗೆ ಮಾಡಿದವರು ಯಾರು ಎಂದು ಬೋರ್ಡು ಭರವಸೆ ಕೊಡುತ್ತಿತ್ತು. ಕೆಲವೆಡೆ ಒಳಗೆ ಬೇರೆ ಬೇರೆ ಪಂಕ್ತಿ, ಬೇರೆ ಕೋಣೆ. ದಲಿತರಿಗೆ ಬಾಗಿಲೇ ಇಲ್ಲ. ಆದರೂ ಹೋಟೆಲು ಒಂದು ವಿಚಿತ್ರ ಜಾಗ. ಗಿರಾಕಿಯ ಕಾಸಿಗೆ ಜಾತಿ ಇಲ್ಲವಲ್ಲ! ಹಳ್ಳಿಯ ಪಂಕ್ತಿಯಲ್ಲಿ ಎಂದೂ ಅಕ್ಕಪಕ್ಕ ಕೂರದವರನ್ನು ಪೇಟೆಯ ಕಾಫಿ ಅಂಗಡಿ ನಿಧಾನವಾಗಿ ಒಂದೇ ಬೆಂಚಿಗೆ ತಂದಿತು. ನಿಧಾನವಾಗಿ ಎಂಬ ಮಾತನ್ನು ಮರೆಯಬೇಡಿ.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯನ್ನು ತೆರೆದು ನೋಡಿ. ಅಂಗಡಿ, ಹೋಟೆಲು, ಉಪಾಹಾರ ಗೃಹಗಳನ್ನು ಬಾವಿ, ಕೆರೆ, ರಸ್ತೆಗಳ ಜೊತೆಗೇ ಹೆಸರಿಸಿದ್ದಾರೆ. ಇಷ್ಟು ದೊಡ್ಡ ದೇಶದ ಮೂಲ ಕಾನೂನಿನಲ್ಲಿ ಕಾಫಿ ಅಂಗಡಿಗೂ ಜಾಗ ಏಕೆ ಬೇಕಾಯಿತು ಎಂದು ಯೋಚಿಸಿದ್ದೀರಾ? 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹವಾಗಿಸಿದ ಕಾಯಿದೆಯೂ ಬಂತು. ಬೋರ್ಡುಗಳು ಮಾತ್ರ ಉಳಿದಿದ್ದವು. 1957ರಲ್ಲಿ ಪೆರಿಯಾರರ ಅನುಯಾಯಿಗಳು ಮದರಾಸಿನ ತಿರುವಲ್ಲಿಕೇಣಿಯ ಒಂದು ಹೋಟೆಲಿನೆದುರು ನಿಂತದ್ದು ಬೋರ್ಡಿನ ಮೇಲಿದ್ದ ಜಾತಿಯ ಹೆಸರನ್ನು ಅಳಿಸಲೆಂದೇ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಜನರಿಗೂ ಬಿಳಿಯರಿಗೂ ಊಟದ ಜಾಗ ಬೇರೆ ಬೇರೆ. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಪಟ್ಟಣದಲ್ಲಿ ವುಲ್‌ವರ್ತ್ ಎಂಬ ದೊಡ್ಡ ಅಂಗಡಿಯಿತ್ತು. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಲ್ಲಿಗೆ ಹೋದರು: ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್, ಎಝೆಲ್ ಬ್ಲೇರ್. ಕಾಲೇಜಿನ ಮೊದಲ ವರ್ಷದ ಹುಡುಗರು, ಅಂದರೆ ನಿಮ್ಮದೇ ವಯಸ್ಸು. ಟೂತ್‌ಪೇಸ್ಟಿನಂಥ ಸಣ್ಣಪುಟ್ಟ ಸಾಮಾನು ಕೊಂಡರು. ಅಂಗಡಿ ಹಣ ತೆಗೆದುಕೊಂಡು ರಸೀದಿ ಕೊಟ್ಟಿತು. ಆಮೇಲೆ ಅದೇ ಅಂಗಡಿಯ ತಿಂಡಿ ಕೌಂಟರಿನ ಸ್ಟೂಲುಗಳ ಮೇಲೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಅಂಗಡಿ ಮುಚ್ಚುವವರೆಗೂ ಕೂತಿದ್ದು, ಮಾರನೆಯ ದಿನ ಇನ್ನಷ್ಟು ಗೆಳೆಯರನ್ನು ಕರೆತಂದರು. ಕೂಗಾಟವಿಲ್ಲ, ಕಲ್ಲಿಲ್ಲ. ಕೆಲವರು ಪಠ್ಯಪುಸ್ತಕ ಬಿಡಿಸಿ ಓದುತ್ತ ಕೂತಿದ್ದರು. ವಾರ ಮುಗಿಯುವಷ್ಟರಲ್ಲಿ ನೂರಾರು ಜನ ಸೇರಿದರು. ಕೆಲವೇ ವಾರಗಳಲ್ಲಿ ಹತ್ತಾರು ಊರುಗಳ ಕೌಂಟರುಗಳಲ್ಲಿ ಹೀಗೆಯೇ ವಿದ್ಯಾರ್ಥಿಗಳು ಕೂತರು. ಹೋಟೆಲುಗಳಲ್ಲಿ ಈ ಭೇದವನ್ನು ಇಡೀ ದೇಶದಲ್ಲಿ ನಿಷೇಧಿಸಿದ ಕಾಯಿದೆ ಬಂದದ್ದು 1964ರಲ್ಲಿ. ಆ ಕಟ್ಟಡದಲ್ಲಿ 2010ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ಗ್ರೀನ್ಸ್‌ಬರೊದ ಆ ಕೌಂಟರು ಸೋತದ್ದು 1960ರ ಜುಲೈ 25ರಂದು. ಅಂದು ಅಲ್ಲಿ ಮೊದಲು ಕೂತು ತಿಂಡಿ ತಿಂದವರು ಆ ನಾಲ್ವರು ವಿದ್ಯಾರ್ಥಿಗಳಲ್ಲ. ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ಕಪ್ಪು ನೌಕರರು.