ತಿಂಗಳ ಸಂಖ್ಯೆ, ತಿಂಗಳ ಹೆಸರು: ಕರಾವಳಿಯ ಶಾಸನಗಳ ಲೆಕ್ಕ

ತಿಂಗಳ ಸಂಖ್ಯೆ ಕೊಟ್ಟರೆ ಹೆಸರು ಹೇಳುವ ಕೋಡ್ ಬರೆಯೋದು ಪ್ರೋಗ್ರಾಮಿಂಗ್ ಕಲಿಯುವವರ ಮೊದಲ ವಾರದ ಕೆಲಸ. ಹನ್ನೆರಡು ಹೆಸರಿನ ಒಂದು ಪಟ್ಟಿ ಇದ್ದರೆ ಸಾಕು. ಎಡವೋದೇನಿದ್ದರೂ ಎಣಿಕೆ ಎಲ್ಲಿಂದ ಶುರು ಅನ್ನೋದರಲ್ಲಿ: ಜಾವಾಸ್ಕ್ರಿಪ್ಟಿನಲ್ಲಿ ಜನವರಿ ಅಂದರೆ 0, ಪೈಥಾನಿನ ತಿಂಗಳ ಪಟ್ಟಿಯಲ್ಲಿ 0ನೇ ಜಾಗ ಖಾಲಿ, ಜನವರಿ 1. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆಯ ಶಾಸನಗಳ ಕಾಲವನ್ನು ಕಂಪ್ಯೂಟರಿಗೆ ಹಾಕಲು ಹೊರಟರೆ ಪ್ರಶ್ನೆ ಬೇರೆ. 5 ಅಂದರೆ ಯಾವ ಪಟ್ಟಿಯ 5?

ಕಲ್ಲಿನ ಮೇಲೆ ತಿಂಗಳಿಗೆ ಇರುವುದು ಹೆಸರು. ಅದರ ಪಕ್ಕದ ಅಂಕಿ ತಿಥಿಯದ್ದೋ ದಿನದ್ದೋ ಆಗಿರುತ್ತದೆ. 'ಮಿಥುನ ಮಾಸ ೧೦' ಅಂದರೆ ಮಿಥುನದ ಹತ್ತನೇ ದಿನ, ಹತ್ತನೇ ತಿಂಗಳಲ್ಲ. ತಿಂಗಳಿಗೆ ಸಂಖ್ಯೆ ಕೊಡುವವರು ನಾವು, ಲೆಕ್ಕದ ಅನುಕೂಲಕ್ಕೆ.

ನಮ್ಮ ಸೀಮೆಯಲ್ಲಿ ಎರಡು ಪಟ್ಟಿಗಳು ಒಟ್ಟಿಗೆ ನಡೆಯುತ್ತವೆ. ಚೈತ್ರದಿಂದ ಶುರುವಾಗುವ ಚಾಂದ್ರಮಾಸ ಒಂದು. ಮೇಷದಿಂದ ಶುರುವಾಗುವ ಸೌರಮಾಸ ಇನ್ನೊಂದು. ತುಳುವಿನ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಇತ್ಯಾದಿ ಇದರವೇ. ಶ್ರಾವಣವೂ 5, ಸಿಂಹವೂ (ಸೋಣ) 5, ಆದರೆ ಎರಡೂ ಒಂದೇ ಅಲ್ಲ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಏಪ್ರಿಲ್ 10ಕ್ಕೆ ಕೊಡಿ ಏರುತ್ತದೆ, 17ಕ್ಕೆ ಬ್ರಹ್ಮರಥ. ಅದು ಸೌರದ ಲೆಕ್ಕ, ಹಾಗಾಗಿ ಕದಲೋದಿಲ್ಲ. ಹಿಂದೆ ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಕುಕ್ಕೆಯ ಚಂಪಾಷಷ್ಠಿ ಮಾರ್ಗಶಿರ ಶುದ್ಧ ಷಷ್ಠಿಗೆ. ಅದು 2022ರಲ್ಲಿ ನವೆಂಬರ್ 29, 2023ರಲ್ಲಿ ಡಿಸೆಂಬರ್ 18. ಇನ್ನು ಇಂದಿನ ಕೊಲ್ಲಂ ಪಂಚಾಂಗದಲ್ಲಿ ವರ್ಷ ಮೊದಲಾಗುವುದೇ ಸಿಂಹದಿಂದ (ಚಿಂಙ). ಅಲ್ಲಿ 1 ಅಂದರೆ ಸಿಂಹ.

ಅಧಿಕ ಮಾಸ ಬಂದಾಗ ಹನ್ನೆರಡು ಹೆಸರಿನ ಪಟ್ಟಿಯೂ ಸಾಲೋದಿಲ್ಲ. 2023ರ ಆಟಿ ತಿಂಗಳನ್ನೇ ನೋಡಿ. ಜುಲೈ 17ಕ್ಕೊಂದು ಅಮಾವಾಸ್ಯೆ, ಆಗಸ್ಟ್ 16ಕ್ಕೆ ಇನ್ನೊಂದು, ಎರಡೂ ಆಟಿಯೊಳಗೆ. ಮೊದಲನೆಯದು ಆಷಾಢದ್ದು, ಎರಡನೆಯದು ಅಧಿಕ ಶ್ರಾವಣದ್ದು. 'ಆಟಿ ಅಮಾವಾಸ್ಯೆ' ಅನ್ನೋದನ್ನು 4 ಅಂತ ಬರೆದಿಟ್ಟು ಮತ್ತೆ ಹೆಸರಿಗೆ ತಿರುಗಿಸಿದರೆ ಇವೆರಡರಲ್ಲಿ ಯಾವುದು ಅಂತ ಗೊತ್ತಾಗೋದಿಲ್ಲ. ಡರ್ಷೋವಿಟ್ಜ್ ಮತ್ತು ರೈನ್‌ಗೋಲ್ಡ್ ತಮ್ಮ ಪಂಚಾಂಗ ಗಣಿತದ ಪುಸ್ತಕದಲ್ಲಿ ಚಾಂದ್ರಮಾಸದ ಸಂಖ್ಯೆಯ ಜೊತೆಗೆ 'ಅಧಿಕವೋ ಅಲ್ಲವೋ' ಅನ್ನೋ ಗುರುತನ್ನೂ ಇಟ್ಟಿರೋದು ಇದಕ್ಕೇ.

ಆದರೆ ಎರಡು ಪಟ್ಟಿ ಇರೋದು ಬರೀ ತೊಂದರೆಯಲ್ಲ, ಲಾಭವೂ ಇದೆ. ಸೂರ್ಯ ಯಾವ ಚಾಂದ್ರಮಾಸದಲ್ಲಿ ಮೇಷವನ್ನು ಪ್ರವೇಶಿಸುತ್ತಾನೋ ಅದು ಚೈತ್ರ, ವೃಷಭವನ್ನು ಪ್ರವೇಶಿಸಿದರೆ ವೈಶಾಖ, ಹೀಗೇ ಮುಂದಕ್ಕೆ. ಅಂದರೆ ಚೈತ್ರದ ಆರಂಭದಲ್ಲಿ ಸೂರ್ಯ ಮೀನದಲ್ಲಿ, ಕೊನೆಯಲ್ಲಿ ಮೇಷದಲ್ಲಿ ಇರುತ್ತಾನೆ. ಆದ್ದರಿಂದ ಚಾಂದ್ರಮಾಸದ ಸಂಖ್ಯೆಯಿಂದ ಸೌರಮಾಸದ ಸಂಖ್ಯೆ ಕಳೆದು 12ರಿಂದ ಭಾಗಿಸಿದರೆ ಶೇಷ 0 ಅಥವಾ 1 ಬರಬೇಕು. ಅಧಿಕ ಮಾಸವಾದರೆ ಯಾವಾಗಲೂ 1. ಅಪರೂಪದ ಕ್ಷಯಮಾಸ (ಹತ್ತಿರದವು 1963–64 ಮತ್ತು 1982–83ರಲ್ಲಿ) ಮಾತ್ರ ಇದಕ್ಕೆ ಹೊರತು. ಸಂಕ್ರಮಣದ ಆಚೀಚಿನ ಒಂದೆರಡು ದಿನವನ್ನು ಕಣ್ಣಿನಿಂದಲೇ ನೋಡಬೇಕು.

ಇದರ ಉಪಯೋಗಕ್ಕೆ ಒಂದು ಕಲ್ಪಿತ ಉದಾಹರಣೆ. ಕಲ್ಲಿನಲ್ಲಿ ಚೈತ್ರ ಅನ್ನೋದು ಸ್ಪಷ್ಟವಾಗಿದೆ, ಸೌರಮಾಸದ ಜಾಗದಲ್ಲಿ 'ಮಿ' ಅಂತ ಒಂದೇ ಅಕ್ಷರ ಉಳಿದು ಮುಂದೆ ಚಕ್ಕೆ ಎದ್ದಿದೆ. ಹಳೆಯ ಲಿಪಿಯಲ್ಲಿ ಹ್ರಸ್ವ, ದೀರ್ಘ ಬೇರೆ ಮಾಡಿ ತೋರಿಸದ ಕಡೆಗಳು ಬೇಕಾದಷ್ಟಿವೆ, ಹಾಗಾಗಿ ಅದು ಮಿಥುನವೂ ಆಗಬಹುದು, ಮೀನವೂ ಆಗಬಹುದು. ಮಿಥುನ 3 ಆದರೆ ಶೇಷ 10, ಆಗೋದಿಲ್ಲ. ಮೀನ 12 ಆದರೆ ಶೇಷ 1, ಸರಿ. ಮೂರು ತಿಂಗಳ ವ್ಯತ್ಯಾಸದ ಎರಡು ಓದುಗಳಲ್ಲಿ ಒಂದು ಬಿದ್ದುಹೋಯಿತು. ಅಷ್ಟೇ ಅಲ್ಲ, ದಿನ ಯುಗಾದಿಯ ಈಚೆ, ವಿಷುವಿನ ಆಚೆ ಇದೆ ಅಂತಲೂ ತಿಳಿಯಿತು: ಚಾಂದ್ರ ಲೆಕ್ಕದಲ್ಲಿ ಹೊಸ ವರ್ಷ, ಸೌರ ಲೆಕ್ಕದಲ್ಲಿ ಇನ್ನೂ ಹಳೆಯದು. ಶಕವರ್ಷ ಒಂದು ಹೆಚ್ಚುಕಮ್ಮಿ ಕಂಡರೆ ಕೆತ್ತಿದವನನ್ನು ಬೈಯುವ ಮೊದಲು ಇದನ್ನು ನೋಡಬೇಕು.

ಮೇಷವನ್ನು ನೇರವಾಗಿ ಏಪ್ರಿಲ್‌ಗೆ ಹೊಂದಿಸುವ ಪಟ್ಟಿ ಮಾತ್ರ ಬೇಡವೇ ಬೇಡ. ಈಗ ಮೇಷ ಸಂಕ್ರಮಣ ಏಪ್ರಿಲ್ 14ರ ಸುಮಾರಿಗೆ. ಕ್ರಿ.ಶ. 1400ರ ಹೊತ್ತಿಗೆ, ಆಗಿನ ಜೂಲಿಯನ್ ಲೆಕ್ಕದಲ್ಲಿ, ಅದು ಮಾರ್ಚ್ ಕೊನೆಯ ವಾರ.

ಹಾಗಾಗಿ ಶಾಸನಗಳ ಪಟ್ಟಿ ಮಾಡುವವರು ನಾಲ್ಕು ಕಾಲಂ ಇಡಿ: ಕಲ್ಲಿನಲ್ಲಿ ಇದ್ದ ಹಾಗೇ ತಿಂಗಳ ಹೆಸರು, ಅದು ಸೌರವೋ ಚಾಂದ್ರವೋ, ನಾವು ಕೊಟ್ಟ ಸಂಖ್ಯೆ, ಅಧಿಕವೇ. ಎರಡೂ ಮಾಸ ಇದ್ದರೆ ಎರಡು ಸಾಲು. ಸಂಖ್ಯೆಯನ್ನು ಹೆಸರಿನಿಂದ ಯಾವಾಗ ಬೇಕಾದರೂ ಮತ್ತೆ ಹುಟ್ಟಿಸಬಹುದು. ಹೆಸರನ್ನು ಅಳಿಸಿ ಸಂಖ್ಯೆ ಮಾತ್ರ ಇಟ್ಟರೆ, ವಾಪಸ್ ಹೋಗಲು ಕಲ್ಲಿನ ಹತ್ತಿರವೇ ಹೋಗಬೇಕು. ಅಷ್ಟರಲ್ಲಿ ಕಲ್ಲು ಅಲ್ಲಿ ಇರುತ್ತದೆ ಅನ್ನೋ ಖಾತ್ರಿ ಇಲ್ಲ.