ಪೆಡಲ್ ಸ್ಟೀಲ್: ಕಾಲಿಗಿಂತ ಮೊದಲು ಪಳಗಿದ ಕೈ

ಪೆಡಲ್ ಸ್ಟೀಲ್ ಗಿಟಾರ್ ಕಲಿಯಲು ಕೂತವರ ಕಣ್ಣು ಮೊದಲು ಹೋಗುವುದು ಕೆಳಗಿನ ಪೆಡಲ್‌ಗಳ ಕಡೆ. ಆದರೆ ಮೊದಲ ಪಾಠ ಬಲಗೈಯದು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಪಿಕ್ ತೊಟ್ಟು, ಹತ್ತು ತಂತಿಗಳಲ್ಲಿ ಬೇಕಾದ ಮೂರನ್ನು ಮಾತ್ರ ಮೀಟಬೇಕು. ಈ ಕೈಯ ಕಥೆ ಪೆಡಲ್‌ಗಿಂತ ಹಳೆಯದು. ಅದು ಶುರುವಾಗುವುದು ನ್ಯಾಶ್‌ವಿಲ್‌ನಲ್ಲಲ್ಲ, ಹವಾಯಿಯಲ್ಲಿ.

1830ರ ದಶಕದಲ್ಲಿ ದನ ಕಾಯಲು ಬಂದ ಮೆಕ್ಸಿಕೋದ ಕೌಬಾಯ್‌ಗಳ ಜೊತೆ ಗಿಟಾರ್ ಆ ದ್ವೀಪಗಳಿಗೆ ಬಂತು. ಅಲ್ಲಿನವರು ತಂತಿ ಸಡಿಲಿಸಿ ತಮ್ಮದೇ ಶ್ರುತಿ ಮಾಡಿಕೊಂಡರು. 1889ರ ಸುಮಾರಿಗೆ ಜೋಸೆಫ್ ಕೆಕುಕು ಎಂಬ ಹುಡುಗ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಕ್ರಮ ರೂಢಿಸಿದ ಎಂಬುದು ಹೆಚ್ಚಿನವರು ಒಪ್ಪುವ ಮಾತು. ನಮ್ಮ ಗೋಟುವಾದ್ಯ ಕೇಳಿದವರಿಗೆ ಈ ಜಾರು ಸ್ವರ ಹೊಸದಲ್ಲ.

1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ಅಮೆರಿಕ ಆ ನಾಡನ್ನೇ ಸೇರಿಸಿಕೊಂಡಿತು. 1904ರಲ್ಲಿ ಕೆಕುಕು ಊರು ಬಿಟ್ಟು ಅಮೆರಿಕಕ್ಕೆ ಹೋದರು. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ ಹವಾಯಿ ಸಂಗೀತದ ಹುಚ್ಚು ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ನೆಲ ಕಳೆದುಕೊಂಡವರ ನಾದ ನೆಲ ಪಡೆದವರ ಮನೆಮನೆಯ ಗ್ರಾಮಫೋನ್‌ನಲ್ಲಿ ಕೇಳಿಸತೊಡಗಿತು. ಮುಂದೆ ಕಂಟ್ರಿ ಸಂಗೀತದಲ್ಲಿ ಬೆರೆತುಹೋಯಿತು.

ಪೆಡಲ್ ಸೇರಿದ್ದು ಆಮೇಲೆ. ಮೊದಲು ಅದು ಶ್ರುತಿ ಬದಲಿಸುವ ಅನುಕೂಲವಷ್ಟೇ ಆಗಿತ್ತು. ವೆಬ್ ಪಿಯರ್ಸ್ ಹಾಡಿದ, 1954ರಲ್ಲಿ ಹೊರಬಂದ ‘ಸ್ಲೋಲಿ’ಯಲ್ಲಿ ಬಡ್ ಐಸಾಕ್ಸ್ ಸ್ವರ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿದರು. ಹಾಡು 17 ವಾರ ಮೊದಲ ಸ್ಥಾನದಲ್ಲಿತ್ತು. ಐಸಾಕ್ಸ್ ಒಂದೇ ಪೆಡಲ್‌ನಲ್ಲಿ ಮಾಡಿದ್ದನ್ನು ಬಡ್ಡಿ ಎಮನ್ಸ್ ಎರಡು ಪೆಡಲ್‌ಗಳಿಗೆ ಹಂಚಿದರು.

ಹೊಸಬರು ಇಂದು ಕಲಿಯುವ ವರಸೆ ಇದರ ಫಲ. ಹೆಬ್ಬೆರಳಿಂದ 8ನೇ ತಂತಿ, ತೋರುಬೆರಳಿಂದ 6, ನಡುಬೆರಳಿಂದ 5 ಮೀಟಿ. ನಮ್ಮ ಲೆಕ್ಕದಲ್ಲಿ ಅದು ಸ-ಗ-ಪ. ‘ಎ’ ಪೆಡಲ್ ಒತ್ತಿದರೆ ಪ ಏರಿ ಧ ಆಗುತ್ತದೆ. ‘ಬಿ’ ಒತ್ತಿದರೆ ಗ ಏರಿ ಮ. ಎರಡೂ ಒತ್ತಿದರೆ ಸ-ಮ-ಧ. ಎಡಗೈಯ ಬಾರ್ ಕದಲಲಿಲ್ಲ, ಬೆರಳ ಕ್ರಮ ಬದಲಾಗಲಿಲ್ಲ, ಆದರೂ ಸ್ವರಮೇಳ ಬೇರೆಯಾಯಿತು. ಇದೇ ಹಿಡಿತವನ್ನು 6-5-4, 5-4-3 ತಂತಿಗಳಿಗೆ ಒಯ್ಯಬಹುದು. ಮೀಟುವಷ್ಟೇ ಮುಖ್ಯ ನಿಲ್ಲಿಸುವುದು: ಅಂಗೈಯ ಅಂಚನ್ನು ತಂತಿಗೆ ತಾಗಿಸಿ ಹಿಂದಿನ ಸ್ವರ ಅಡಗಿಸದಿದ್ದರೆ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಮೊದಲು ಪೆಡಲ್ ಮುಟ್ಟದೆ, ನಿಧಾನವಾಗಿ ಕೈ ಪಳಗಿಸಿಕೊಳ್ಳಬೇಕು.

ಇದೇ ವಾದ್ಯದ ಇನ್ನೊಂದು ಕವಲು ನಮ್ಮಲ್ಲಿಗೂ ಬಂತು. 1940ರ ದಶಕದಲ್ಲಿ ಟಾವು ಮೋ ಕಲ್ಕತ್ತಾದಲ್ಲಿದ್ದು ಇದನ್ನು ಕಲಿಸಿದರು. ಬ್ರಿಜ್ ಭೂಷಣ್ ಕಾಬ್ರಾ ಇದರಲ್ಲಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರ ಮೋಹನವೀಣೆಗೆ 1994ರಲ್ಲಿ ಗ್ರ್ಯಾಮಿ ಬಂತು.

ನಮ್ಮ ದೇಶದಲ್ಲಿ ಹಳಬರು ಇದನ್ನು ಈಗಲೂ ಹವಾಯಿಯನ್ ಗಿಟಾರ್ ಎನ್ನುತ್ತಾರೆ. ಕಂಟ್ರಿ ಸಂಗೀತದವರಿಗೆ ಅದು ಬರೀ ‘ಸ್ಟೀಲ್’. ಲೋಹದ ಹೆಸರು ಉಳಿಯಿತು, ಊರಿನ ಹೆಸರು ಉದುರಿತು. ಕಲಿಯುವವರು ಎರಡನ್ನೂ ತಿಳಿದಿರುವುದು ನ್ಯಾಯ.